ಮನೆ ಬಿಡುವ ಮೊದಲೇ ವಿಮಾನದ ದಿನಚರಿ ಓದಿ: ಕೊಡಗಿನ ಪ್ರಯಾಣಿಕರಿಗೊಂದು ಮಾರ್ಗದರ್ಶಿ

‘ನಿಮ್ಮ ವಿಮಾನ ಎರಡು ಗಂಟೆ ತಡ’ ಎಂಬ ಸಂದೇಶ ಬಂದರೆ ಬೆಂಗಳೂರಿನ ಹೆಬ್ಬಾಳದಲ್ಲಿ ಮನೆ ಇರುವವರು ನಿಧಾನವಾಗಿ ಊಟ ಮುಗಿಸಿ ಹೊರಡಬಹುದು. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯವರಿಗೆ ಅದೇ ಸಂದೇಶ ಬರುವಷ್ಟರಲ್ಲಿ ಕಾರು ಶ್ರೀರಂಗಪಟ್ಟಣ ದಾಟಿರುತ್ತದೆ. ಜಿಲ್ಲೆಯೊಳಗೆ ವಿಮಾನ ನಿಲ್ದಾಣವಿಲ್ಲ. ಬೆಂಗಳೂರಿನ ದಟ್ಟಣೆ ಸೇರಿಸಿದರೆ ದೇವನಹಳ್ಳಿಗೆ ಆರೇಳು ಗಂಟೆಯ ದಾರಿ. ಹಾಗಾಗಿ ವಿಮಾನ ಹೊರಡುವ ಎಂಟು–ಹತ್ತು ಗಂಟೆ ಮೊದಲೇ, ಅದು ಹೇಳಿದ ಹೊತ್ತಿಗೆ ಹೊರಟೀತೇ ಎಂದು ನಾವೇ ಅಂದಾಜು ಮಾಡಬೇಕಾಗುತ್ತದೆ.

ಹೀಗೆ ಅಂದಾಜು ಮಾಡಲು ಸಾಧ್ಯವಿದೆ. ಸಂಜೆಯ ವಿಮಾನ ತಡವಾಗುವುದಕ್ಕೆ ಕಾರಣ ಎಷ್ಟೋ ಸಲ ಬೆಳಗ್ಗೆಯೇ, ಬೇರೆ ಯಾವುದೋ ಊರಿನಲ್ಲಿ ಹುಟ್ಟಿರುತ್ತದೆ. ಎಲ್ಲಿ ನೋಡಬೇಕು ಎಂದು ಗೊತ್ತಿದ್ದರೆ ಮೊಬೈಲಿನಲ್ಲೇ ಅದು ಕಾಣುತ್ತದೆ. ಮೊದಲು ಈ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂದು ಹೇಳಿ, ಆಮೇಲೆ ಟಿಕೆಟ್ ಮಾಡುವುದರಿಂದ ಹಿಡಿದು ಒಂದೊಂದೇ ಹೆಜ್ಜೆಗೆ ಬರುತ್ತೇನೆ.

ಒಂದು ವಿಮಾನದ ಒಂದು ದಿನ

ದೇಶದೊಳಗೆ ಓಡುವ ಎ320 ಅಥವಾ ಬೋಯಿಂಗ್ 737 ವಿಮಾನವೊಂದು ದಿನಕ್ಕೆ ಐದಾರು ಸಲ ಏರಿ ಇಳಿಯುವುದು ಸಾಮಾನ್ಯ. ಒಂದು ಉದಾಹರಣೆ ತೆಗೆದುಕೊಳ್ಳಿ. ಬೆಳಗ್ಗೆ 6ಕ್ಕೆ ಬೆಂಗಳೂರು ಬಿಟ್ಟು 8.50ಕ್ಕೆ ದೆಹಲಿ. 9.30ಕ್ಕೆ ಅಲ್ಲಿಂದ ಹೊರಟು 12.20ಕ್ಕೆ ಮತ್ತೆ ಬೆಂಗಳೂರು. ಒಂದು ಗಂಟೆಗೆ ಮುಂಬೈ ಕಡೆಗೆ, ಅಲ್ಲಿಂದ ಇನ್ನೊಂದು ಊರಿಗೆ, ರಾತ್ರಿ ಮತ್ತೆ ಬೆಂಗಳೂರಿಗೆ. ನಡುನಡುವೆ ಜನ ಇಳಿದು, ಒಳಗೆ ಗುಡಿಸಿ, ಇಂಧನ ತುಂಬಿಸಿ, ಹೊಸ ಜನ ಹತ್ತಿ ಬಾಗಿಲು ಹಾಕಲು ಸಿಗುವುದು ಮೂವತ್ತರಿಂದ ನಲವತ್ತೈದು ನಿಮಿಷ. ನೆಲದಲ್ಲಿ ನಿಂತ ವಿಮಾನದಿಂದ ದುಡಿಮೆ ಇಲ್ಲವಾದ್ದರಿಂದ ಕಂಪನಿಗಳು ಈ ಬಿಡುವನ್ನು ಆದಷ್ಟು ಬಿಗಿಯಾಗಿ ಹಿಡಿಯುತ್ತವೆ. ಬೆಳಗ್ಗೆ ದೆಹಲಿಯ ಮಂಜಿನಲ್ಲಿ ಎರಡು ಗಂಟೆ ಸಿಕ್ಕಿಕೊಂಡ ವಿಮಾನ ಆ ಎರಡು ಗಂಟೆಯನ್ನು ಹೊತ್ತುಕೊಂಡೇ ಮುಂದಿನ ಊರುಗಳಿಗೆ ಹೋಗುತ್ತದೆ. ಮಡಿಕೇರಿ–ವಿರಾಜಪೇಟೆ ನಡುವೆ ದಿನವಿಡೀ ಓಡುವ ಖಾಸಗಿ ಬಸ್ಸಿನ ಹಾಗೆ, ಬೆಳಗಿನ ಟ್ರಿಪ್ಪಿನಲ್ಲಿ ಕಳೆದ ಅರ್ಧ ಗಂಟೆಯನ್ನು ಸಂಜೆ ಟ್ರಿಪ್ಪಿನವರು ಸ್ಟಾಪಿನಲ್ಲಿ ನಿಂತು ತೀರಿಸಬೇಕಾಗುತ್ತದೆ.

ವೇಳಾಪಟ್ಟಿ ಹಾಕುವವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಬೆಂಗಳೂರಿನಿಂದ ದೆಹಲಿಗೆ ಆಕಾಶದಲ್ಲಿ ಹಾರುವ ಹೊತ್ತು ಎರಡೂವರೆ ಗಂಟೆಯ ಒಳಗೇ ಇದ್ದರೂ ಟಿಕೆಟ್ಟಿನಲ್ಲಿ ಎರಡೂ ಮುಕ್ಕಾಲು ಗಂಟೆ, ಅದಕ್ಕೂ ಹೆಚ್ಚು ತೋರಿಸಿರುತ್ತಾರೆ. ರನ್‌ವೇವರೆಗೆ ಉರುಳುವುದು, ಸಾಲಿನಲ್ಲಿ ಕಾಯುವುದು, ದೆಹಲಿಯ ಮೇಲೆ ಒಂದು ಸುತ್ತು ಹಾಕುವುದು ಎಲ್ಲವೂ ಅದರೊಳಗೆ ಸೇರಿದೆ. ಇಪ್ಪತ್ತು ನಿಮಿಷ ತಡವಾಗಿ ಹೊರಟ ವಿಮಾನ ಸರಿಯಾದ ಹೊತ್ತಿಗೇ ಇಳಿಯುವುದು ಇದರಿಂದಲೇ. ಇಂಥ ಬಿಡುವು ಸಣ್ಣಪುಟ್ಟ ತಡವನ್ನು ನುಂಗುತ್ತದೆ. ಎರಡು ಗಂಟೆಯ ತಡವನ್ನು ನುಂಗುವ ಶಕ್ತಿ ಅದಕ್ಕಿಲ್ಲ.

ವಿಮಾನದ ಈ ಸರಪಳಿಯ ಪಕ್ಕದಲ್ಲೇ ಪೈಲಟ್‌ಗಳದ್ದೊಂದು ಸರಪಳಿ ಇದೆ. ಬೆಳಗ್ಗೆ ಆ ವಿಮಾನ ಹಾರಿಸಿದವರೇ ರಾತ್ರಿವರೆಗೂ ಅದರಲ್ಲಿ ಇರುವುದಿಲ್ಲ. ಎರಡು ಮೂರು ಹಾರಾಟ ಮುಗಿಸಿ ಇಳಿದು ಬೇರೆ ವಿಮಾನ ಹತ್ತುತ್ತಾರೆ. ಇಬ್ಬರು ಪೈಲಟ್‌ಗಳ ಒಂದು ಪಾಳಿ ಎಷ್ಟು ಉದ್ದ ಇರಬಹುದು ಎಂಬುದಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಮಿತಿ ಹಾಕಿದೆ. ರಾತ್ರಿ ಪಾಳಿಯಾದರೆ, ಇಳಿಯುವ ಸಲಗಳು ಹೆಚ್ಚಾದರೆ ಮಿತಿ ಇನ್ನೂ ಕಡಿಮೆ. ವಿಮಾನ ಸಿದ್ಧವಿದ್ದರೂ ತಡದಿಂದಾಗಿ ಪೈಲಟ್‌ನ ಗಂಟೆಗಳು ಮುಗಿದರೆ ಹಾರುವಂತಿಲ್ಲ, ಬೇರೆಯವರು ಬರಬೇಕು. ಈ ನಿಯಮಗಳನ್ನು 2025ರಲ್ಲಿ ಎರಡು ಹಂತದಲ್ಲಿ ಬಿಗಿ ಮಾಡಿದರು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು, ರಾತ್ರಿ ಇಳಿಯುವುದಕ್ಕೂ ಕಡಿವಾಣ ಬಿತ್ತು. ಎರಡನೇ ಹಂತ ನವೆಂಬರ್‌ನಲ್ಲಿ ಜಾರಿಗೆ ಬಂತು. ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೋದ ಸಾವಿರಾರು ಹಾರಾಟಗಳು ರದ್ದಾಗಿ ದೇಶದುದ್ದಕ್ಕೂ ಜನ ನಿಲ್ದಾಣಗಳಲ್ಲಿ ಮಲಗಿದ್ದನ್ನು ಎಲ್ಲರೂ ನೋಡಿದೆವು. ಪೈಲಟ್‌ಗಳಿಗೆ ನಿದ್ದೆ ಸಿಗಲೇಬೇಕು, ಆ ನಿಯಮದಲ್ಲಿ ತಪ್ಪಿಲ್ಲ. ಅದಕ್ಕೆ ಬೇಕಾದಷ್ಟು ಜನರನ್ನು ಮೊದಲೇ ಹೊಂದಿಸಿಕೊಳ್ಳದೆ ವೇಳಾಪಟ್ಟಿ ಹಾಕಿದರೆ ಬೆಲೆ ತೆರುವವರು ಪ್ರಯಾಣಿಕರು.

ಮೂರನೆಯದು ಆಕಾಶ. ಮೇಲೆ ಬೇಕಾದಷ್ಟು ಜಾಗ ಇದೆ ಎಂದು ಕೆಳಗೆ ನಿಂತು ನೋಡಿದಾಗ ಅನಿಸುತ್ತದೆ. ಆದರೆ ಮಾರ್ಗಗಳು ಗೊತ್ತುಮಾಡಿದವು. ಒಂದರ ಮೇಲೊಂದು ಹಾರುವ ವಿಮಾನಗಳ ನಡುವೆ ಸಾವಿರ ಅಡಿ ಇರಬೇಕು. ಒಂದೇ ಎತ್ತರದಲ್ಲಿ ಹಾರುತ್ತಿದ್ದರೆ ರಾಡಾರ್ ಕಣ್ಣಿಗೆ ಬೀಳುವ ಕಡೆ ಸಾಮಾನ್ಯವಾಗಿ ಐದು ನಾಟಿಕಲ್ ಮೈಲು, ಅಂದರೆ ಒಂಬತ್ತು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಅಂತರ ಬೇಕು. ದೊಡ್ಡ ಇಕ್ಕಟ್ಟು ಇರುವುದು ರನ್‌ವೇಯಲ್ಲಿ. ಮುಂಬೈನ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುತ್ತವೆ, ಹಾಗಾಗಿ ಒಂದು ಹೊತ್ತಿಗೆ ಬಳಸುವುದು ಒಂದನ್ನೇ ಎನ್ನಬೇಕು. ಬೆಂಗಳೂರಿಗೆ 2019ರ ಡಿಸೆಂಬರ್‌ನಲ್ಲಿ ಎರಡನೇ ರನ್‌ವೇ ಬಂತು, ದೆಹಲಿಗೆ 2023ರಲ್ಲಿ ನಾಲ್ಕನೆಯದು. ಮುಂಬೈಗೆ ಹಾಗೆ ಇನ್ನೊಂದನ್ನು ಸೇರಿಸಲು ಜಾಗವೇ ಇಲ್ಲ. ಮುಂಬೈ ಮುಟ್ಟಿ ಬರುವ ವಿಮಾನ ಸಂಜೆ ಹೊತ್ತಿಗೆ ಸ್ವಲ್ಪವಾದರೂ ತಡ ಎಂದು ಇಟ್ಟುಕೊಂಡೇ ಲೆಕ್ಕ ಹಾಕಿ.

ಈ ಮೂರನ್ನೂ ಒಟ್ಟಿಗೆ ನೋಡುತ್ತಾ ದಿನದ ಇಪ್ಪತ್ತನಾಲ್ಕು ಗಂಟೆಯೂ ಎಚ್ಚರವಿರುವುದು ಕಂಪನಿಯ ಕಾರ್ಯಾಚರಣೆ ನಿಯಂತ್ರಣ ಕೇಂದ್ರ. ಇಂಡಿಗೋ, ಏರ್ ಇಂಡಿಯಾ ಎರಡಕ್ಕೂ ಅದು ಇರುವುದು ಗುರುಗ್ರಾಮದಲ್ಲಿ. ಯಾವ ವಿಮಾನ ತಡ ಮಾಡಬೇಕು, ಯಾವುದನ್ನು ಅದಲುಬದಲು ಮಾಡಬೇಕು, ಯಾವುದನ್ನು ರದ್ದು ಮಾಡಬೇಕು ಎಂದು ನಿರ್ಧರಿಸುವವರು ಅಲ್ಲಿ ಕೂತವರು. ಕೌಂಟರಿನಲ್ಲಿ ಬೈಸಿಕೊಳ್ಳುವ ಹುಡುಗಿಗೆ ಆ ನಿರ್ಧಾರದ ಮೇಲೆ ಹಿಡಿತವಿಲ್ಲ. ಅವರ ಮೇಲೆ ದನಿ ಏರಿಸಬೇಡಿ, ಅವರಿಂದ ಬೇಕಾದ ಮಾಹಿತಿ ಪಡೆಯಿರಿ. ಏನು ಕೇಳಬೇಕು ಎಂಬುದು ಮುಂದೆ ಬರುತ್ತದೆ.

ಹೆಜ್ಜೆ 1: ನಿಲ್ದಾಣ ಆರಿಸಿ

ನಮಗೆ ನಾಲ್ಕು ಆಯ್ಕೆಗಳಿವೆ. ಬೆಂಗಳೂರು ದೂರ, ಆದರೆ ಒಂದು ವಿಮಾನ ತಪ್ಪಿದರೆ ಅದೇ ದಿನ ಇನ್ನೊಂದು ಸುಲಭವಾಗಿ ಸಿಗುವ ಊರು ಅದು. ಮೈಸೂರಿನ ಮಂಡಕಳ್ಳಿ ನಿಲ್ದಾಣ ನಮಗೆ ಹತ್ತಿರ. ಆದರೆ ಅಲ್ಲಿನ ರನ್‌ವೇ 1,740 ಮೀಟರ್ ಮಾತ್ರ ಇರುವುದರಿಂದ ಬರುವುದು ಸಣ್ಣ ಎಟಿಆರ್ ವಿಮಾನಗಳು, ಅವೂ ಬೆರಳೆಣಿಕೆ. ಅಲ್ಲಿ ಒಂದು ಹಾರಾಟ ರದ್ದಾದರೆ ನಾಳೆವರೆಗೆ ಕಾಯಿರಿ, ಇಲ್ಲವೇ ಬೆಂಗಳೂರಿಗೆ ಓಡಿ. ಮದುವೆ, ಪರೀಕ್ಷೆ, ವೀಸಾ ಸಂದರ್ಶನ ಇದ್ದವರು ಮಂಡಕಳ್ಳಿಯನ್ನು ನಂಬಿಕೊಂಡು ಕೂರುವುದು ಬೇಡ ಎಂದೇ ನಾನು ಹೇಳುತ್ತೇನೆ.

2018ರ ಡಿಸೆಂಬರ್‌ನಲ್ಲಿ ಶುರುವಾದ ಕಣ್ಣೂರು ನಿಲ್ದಾಣ ವಿರಾಜಪೇಟೆಯವರಿಗೆ ಮಾಕುಟ್ಟದ ಮೂಲಕ ಎರಡು ಗಂಟೆಯ ಆಸುಪಾಸು. ನಿಲ್ದಾಣ ಇರುವುದು ಮಟ್ಟನ್ನೂರಿನಲ್ಲಿ, ಕಣ್ಣೂರು ಪಟ್ಟಣದವರೆಗೆ ಹೋಗಬೇಕಿಲ್ಲ. ಮೂರು ಸಾವಿರ ಮೀಟರಿಗೂ ಉದ್ದದ ರನ್‌ವೇ ಇದೆ. ಗಲ್ಫ್‌ಗೆ ಹೋಗುವ ನಮ್ಮ ಹುಡುಗರಿಗೆ ಇದು ನಿಜವಾದ ಅನುಕೂಲ. ಮಂಗಳೂರಿನದ್ದು ಬಜ್ಪೆಯ ಗುಡ್ಡದ ನೆತ್ತಿಯ ರನ್‌ವೇ. ಮಳೆಗಾಲದಲ್ಲಿ ಮೋಡ ಕೆಳಗಿಳಿದರೆ ವಿಮಾನ ಇಳಿಯಲಾಗದೆ ಬೆಂಗಳೂರಿಗೋ ಕೊಚ್ಚಿಗೋ ತಿರುಗುವುದುಂಟು.

ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೋಡಬೇಕಾದದ್ದು ನಮ್ಮ ರಸ್ತೆಯನ್ನು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಎಷ್ಟು ಕಾಲ ಮುಚ್ಚಿತ್ತು ಎಂಬುದನ್ನು ಇಲ್ಲಿ ಯಾರಿಗೂ ನೆನಪಿಸಬೇಕಿಲ್ಲ. ಮಾಕುಟ್ಟ ಘಾಟಿಯೂ ಅಂಥದ್ದೇ. ಆ ತಿಂಗಳುಗಳಲ್ಲಿ ಘಾಟಿ ಇಳಿಯಬೇಕಾದ ಕಣ್ಣೂರು, ಮಂಗಳೂರಿಗಿಂತ ಕುಶಾಲನಗರದ ಮೇಲೆ ಹೋಗುವ ಬೆಂಗಳೂರು ದಾರಿಯೇ ಭದ್ರ. ಗೋಣಿಕೊಪ್ಪದ ಕಡೆಯವರು ಆನೆಚೌಕೂರು ದಾರಿಯಲ್ಲಿ ರಾತ್ರಿ ಹೊರಟರೆ ಆನೆಗಾಗಿ ನಿಲ್ಲುವ ಹೊತ್ತನ್ನೂ ಸೇರಿಸಿಕೊಳ್ಳಿ. ಕುಟ್ಟದವರು ನಾಗರಹೊಳೆ ಕಾಡಿನ ರಸ್ತೆ ರಾತ್ರಿ ಮುಚ್ಚಿರುತ್ತದೆ ಎಂಬುದನ್ನು ಮರೆಯಬಾರದು.

ಹೆಜ್ಜೆ 2: ಹೊತ್ತು ಆರಿಸಿ

ದಿನದ ಮೊದಲ ವಿಮಾನ ಹಿಡಿಯಿರಿ ಎಂದು ಎಲ್ಲರೂ ಹೇಳುತ್ತಾರೆ. ವಿಮಾನ ಹಿಂದಿನ ರಾತ್ರಿಯೇ ಬಂದು ನಿಂತಿರುತ್ತದೆ, ಪೈಲಟ್‌ಗಳು ನಿದ್ದೆ ಮುಗಿಸಿ ಬಂದಿರುತ್ತಾರೆ, ಯಾರ ತಡವನ್ನೂ ಹೊರಬೇಕಿಲ್ಲ. ಮಾತು ಸರಿ, ಆದರೆ ವರ್ಷವಿಡೀ ಸರಿಯಲ್ಲ.

ಮಾರ್ಚ್ ಕೊನೆಯಿಂದ ಮೇ ತನಕ ಬೆಂಗಳೂರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ. ಮಿಂಚು ಹೊಡೆಯುವಾಗ ನೆಲದ ಮೇಲೆ ಇಂಧನ ತುಂಬಿಸುವುದು, ಲಗೇಜು ಹಾಕುವುದು ಎಲ್ಲ ನಿಲ್ಲುತ್ತದೆ. ಆಗ ಬೆಳಗಿನ ವಿಮಾನವೇ ಉತ್ತಮ. ಡಿಸೆಂಬರ್, ಜನವರಿಯಲ್ಲಿ ಲೆಕ್ಕ ತಿರುಗುತ್ತದೆ. ದೇವನಹಳ್ಳಿಯಲ್ಲಿ ನಸುಕಿನಿಂದ ಬೆಳಗ್ಗೆ ಎಂಟರವರೆಗೂ ಮಂಜು ಕವಿಯುವ ದಿನಗಳಿವೆ. ಅಂಥ ದಿನ ಐದರಿಂದ ಏಳರೊಳಗಿನ ವಿಮಾನಗಳೆಲ್ಲ ಒಟ್ಟಿಗೆ ಸಾಲು ನಿಲ್ಲುತ್ತವೆ. ಆ ಎರಡು ತಿಂಗಳು ಹತ್ತರಿಂದ ಹನ್ನೆರಡರ ನಡುವಿನ ವಿಮಾನ ನೋಡಿ. ಮಡಿಕೇರಿಯಿಂದ ರಾತ್ರಿಯಿಡೀ ನಿದ್ದೆಗೆಟ್ಟು ಹೋಗುವುದೂ ತಪ್ಪುತ್ತದೆ, ಡ್ರೈವರಿಗೂ ಕ್ಷೇಮ.

ಉತ್ತರಕ್ಕೆ ಹೋಗುವವರು ಆ ಕಡೆಯ ಮಂಜನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದೆಹಲಿಯ ರನ್‌ವೇಗಳಲ್ಲಿ ದಟ್ಟ ಮಂಜಿನಲ್ಲೂ ಇಳಿಯುವ ಉಪಕರಣ ಇದೆ, 50 ಮೀಟರ್ ಮಾತ್ರ ಕಾಣಿಸಿದರೂ ಇಳಿಸಬಹುದು. ಆದರೆ ಅದಕ್ಕೆ ವಿಮಾನವೂ ಸಜ್ಜಾಗಿರಬೇಕು, ಇಬ್ಬರು ಪೈಲಟ್‌ಗಳಿಗೂ ಆ ತರಬೇತಿ ಇರಬೇಕು. ಅಷ್ಟಾದರೂ ಮಂಜಿನಲ್ಲಿ ವಿಮಾನಗಳ ನಡುವಿನ ಅಂತರ ಹಿಗ್ಗಿಸುವುದರಿಂದ ಗಂಟೆಗೆ ಇಳಿಯುವ ವಿಮಾನಗಳ ಸಂಖ್ಯೆ ಇಳಿದೇ ಇಳಿಯುತ್ತದೆ. ಗಣರಾಜ್ಯೋತ್ಸವದ ತಾಲೀಮು ಮತ್ತು ಮೆರವಣಿಗೆಗಾಗಿ ಜನವರಿ ಮೂರನೇ ವಾರದಿಂದ 26ರವರೆಗೆ ದೆಹಲಿಯ ಆಕಾಶವನ್ನು ದಿನಾ ಬೆಳಗ್ಗೆ ಎರಡು ಗಂಟೆಗೂ ಹೆಚ್ಚು ಹೊತ್ತು ಮುಚ್ಚುವುದು ಇತ್ತೀಚಿನ ವರ್ಷಗಳ ರೂಢಿ. 2024 ಮತ್ತು 2025ರಲ್ಲಿ ಅದು 10.20ರಿಂದ 12.45ರವರೆಗೆ ಇತ್ತು. ಬೆಂಗಳೂರಿಗೂ ಇಂಥದ್ದೊಂದಿದೆ. ಯಲಹಂಕ ವಾಯುನೆಲೆಯಲ್ಲಿ ಎರಡು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ನಡೆಯುವ ಏರೋ ಇಂಡಿಯಾ ಪ್ರದರ್ಶನದ ದಿನಗಳಲ್ಲಿ ದೇವನಹಳ್ಳಿಯ ಹಾರಾಟಗಳನ್ನೂ ಕೆಲವು ಗಂಟೆ ನಿಲ್ಲಿಸುತ್ತಾರೆ. 2023, 2025ರಲ್ಲಿ ಹೀಗಾಯಿತು.

ಇನ್ನೊಂದು ಮಾತು. ವಿಮಾನ ಕಂಪನಿಗಳ ವರ್ಷ ಎರಡು ಭಾಗ. ಬೇಸಿಗೆ ವೇಳಾಪಟ್ಟಿ ಮಾರ್ಚ್ ಕೊನೆಯ ಭಾನುವಾರ ಶುರು, ಚಳಿಗಾಲದ್ದು ಅಕ್ಟೋಬರ್ ಕೊನೆಯ ಭಾನುವಾರ. ಪುತ್ತರಿಗೆ ಊರಿಗೆ ಬರಲೆಂದು ಜುಲೈನಲ್ಲೇ ಟಿಕೆಟ್ ಮಾಡಿಟ್ಟವರಿಗೆ ಅಕ್ಟೋಬರ್‌ನಲ್ಲಿ ‘ಸಮಯ ಬದಲಾಗಿದೆ’ ಎಂಬ ಸಂದೇಶ ಬರುವುದು ಇದರಿಂದ. ಆ ಸಂದೇಶವನ್ನು ಓದದೆ ಬಿಡಬೇಡಿ. ಬದಲಾದ ಹೊತ್ತು ನಿಮಗೆ ಒಗ್ಗದಿದ್ದರೆ ಬೇರೆ ಹಾರಾಟ ಅಥವಾ ಹಣ ವಾಪಸ್ ಕೇಳಲು ಅದೇ ಸಮಯ.

ಹೆಜ್ಜೆ 3: ಟಿಕೆಟ್ ಮಾಡುವಾಗ

ನಡುವೆ ಇನ್ನೊಂದು ವಿಮಾನ ಹತ್ತಬೇಕಿದ್ದರೆ ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ಸಂಖ್ಯೆಯಲ್ಲಿ ಇರಲಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನದಕ್ಕೆ ಹತ್ತಿಸುವ ಹೊಣೆ ಆಗ ಕಂಪನಿಯದ್ದು. ಸಾವಿರ ರೂಪಾಯಿ ಉಳಿಯಿತೆಂದು ಬೇರೆ ಬೇರೆ ಟಿಕೆಟ್ ಮಾಡಿದರೆ ಎರಡನೇ ಕಂಪನಿಯ ಲೆಕ್ಕದಲ್ಲಿ ನೀವು ಬರದೇ ಹೋದ ಪ್ರಯಾಣಿಕ, ಅಷ್ಟೇ. ಬೇರೆ ಟಿಕೆಟ್ ಮಾಡಲೇಬೇಕಾದರೆ ಬೆಂಗಳೂರಿನಲ್ಲಿ ಮೂರು ಗಂಟೆ, ದೆಹಲಿ, ಮುಂಬೈಯಲ್ಲಿ ನಾಲ್ಕು ಗಂಟೆಗಿಂತ ಕಡಿಮೆ ಬಿಡುವು ಬೇಡ. ದೆಹಲಿಯಲ್ಲಿ ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಹೋಗಲು ರಸ್ತೆಗಿಳಿಯಬೇಕಾಗಬಹುದು. ಜನವರಿಯಲ್ಲಿ ಕೆನಡಾ, ಯುರೋಪಿಗೆ ಓದಲು ಹೋಗುವ ಮಕ್ಕಳು ದೆಹಲಿ ಮೂಲಕ ಹೋಗುವುದಾದರೆ ಹಿಂದಿನ ದಿನವೇ ತಲುಪಿ ಉಳಿದುಕೊಳ್ಳುವುದು ವಾಸಿ. ಒಂದು ರಾತ್ರಿಯ ಕೋಣೆ ಬಾಡಿಗೆ ವಿದೇಶದ ಹೊಸ ಟಿಕೆಟ್ಟಿನ ಮುಂದೆ ಏನೂ ಅಲ್ಲ.

ರಜೆ ಮುಗಿಸಿ ಲೇಹ್‌ಗೆ ಮರಳುವ ಸೈನಿಕರ ಮನೆಯವರು ಗಮನಿಸಿ. ಲೇಹ್‌ನಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಜೋರಾಗುವುದರಿಂದ ವಿಮಾನಗಳು ಬೆಳಗಿನ ಹೊತ್ತೇ ಓಡಾಡುತ್ತವೆ. ಬೆಂಗಳೂರಿನಿಂದ ಅದೇ ಬೆಳಗ್ಗೆ ಹೊರಟು ದೆಹಲಿಯಲ್ಲಿ ಲೇಹ್ ವಿಮಾನ ಹಿಡಿಯುವ ಯೋಜನೆ ಚಳಿಗಾಲದಲ್ಲಿ ಬಹಳ ಅಪಾಯದ್ದು. ಹಿಂದಿನ ಸಂಜೆಯೇ ದೆಹಲಿಯಲ್ಲಿ ಇರುವ ಹಾಗೆ ರಜೆಯ ದಿನಗಳನ್ನು ಹೊಂದಿಸಿಕೊಳ್ಳಲಿ.

ಬುಕಿಂಗ್‌ನಲ್ಲಿ ಕೊಡುವ ಮೊಬೈಲ್ ನಂಬರ್ ಬಹಳ ಮುಖ್ಯ. ಟ್ರಾವೆಲ್ ಏಜೆಂಟರು ಎಷ್ಟೋ ಸಲ ತಮ್ಮದೇ ನಂಬರ್ ಹಾಕಿಬಿಡುತ್ತಾರೆ. ತಡ, ರದ್ದು ಎಲ್ಲ ಸಂದೇಶವೂ ಅವರಿಗೆ ಹೋಗಿ ನಿಮಗೆ ತಿಳಿಯುವುದೇ ಇಲ್ಲ. ಸಂಪರ್ಕದ ವಿವರ ಸರಿಯಾಗಿ ಕೊಡದವರಿಗೆ ರದ್ದತಿಯ ಪರಿಹಾರ ಕೊಡಬೇಕಿಲ್ಲ ಎಂದು ನಿಯಮವೂ ಹೇಳುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ. ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ನಂಬರ್ ಹಾಕಿ, ಇಮೇಲ್ ಜಾಗದಲ್ಲಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುವ ಮಗನದ್ದೋ ತಂಗಿಯದ್ದೋ ವಿಳಾಸ ಕೊಡಿ.

ಹೆಜ್ಜೆ 4: ನಿಮ್ಮ ವಿಮಾನ ಈಗ ಎಲ್ಲಿದೆ ಎಂದು ಹುಡುಕಿ

ಕೊಡಗಿನವರಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಹೆಜ್ಜೆ ಇದು.

ಫ್ಲೈಟ್‌ರಾಡಾರ್24 ಆ್ಯಪ್ ಅಥವಾ ವೆಬ್‌ಸೈಟಿನಲ್ಲಿ ನಿಮ್ಮ ಹಾರಾಟದ ಸಂಖ್ಯೆ ಹಾಕಿ. ಮೊದಲು ಕಳೆದ ಒಂದು ವಾರ ಅದು ನಿಜವಾಗಿ ಎಷ್ಟು ಹೊತ್ತಿಗೆ ಹೊರಟಿದೆ ನೋಡಿ. ವಾರದಲ್ಲಿ ನಾಲ್ಕೈದು ದಿನ ನಲವತ್ತು ನಿಮಿಷ ತಡವಾಗಿದ್ದರೆ ನಿಮ್ಮ ದಿನವೂ ಹಾಗೇ ಆಗುವ ಸಂಭವ ಹೆಚ್ಚು. ಇದನ್ನು ಟಿಕೆಟ್ ಮಾಡುವ ಮೊದಲೇ ನೋಡಿದರೆ ಇನ್ನೂ ಒಳ್ಳೆಯದು.

ಹೊರಡುವ ದಿನ, ಹಾರಾಟದ ಪಕ್ಕದಲ್ಲಿ ವಿಮಾನದ ನೋಂದಣಿ ಸಂಖ್ಯೆ ಕಾಣಿಸುತ್ತದೆ. ನಮ್ಮ ದೇಶದ ವಿಮಾನಗಳದ್ದೆಲ್ಲ ‘ವಿಟಿ’ ಎಂದು ಶುರುವಾಗುತ್ತದೆ. ಅದರ ಮೇಲೆ ಒತ್ತಿದರೆ ಆ ವಿಮಾನದ ಇಡೀ ದಿನದ ಓಡಾಟ ತೆರೆದುಕೊಳ್ಳುತ್ತದೆ. ಅದು ಈಗ ಎಲ್ಲಿದೆ, ಹಿಂದಿನ ಹಾರಾಟ ಎಷ್ಟು ತಡವಾಯಿತು, ನಿಮ್ಮದಕ್ಕೆ ಮೊದಲು ಇನ್ನೆಷ್ಟು ಊರು ಸುತ್ತಬೇಕು, ಎಲ್ಲವೂ ಅಲ್ಲಿದೆ. ಕೆಲವು ಕಂಪನಿಗಳ ಆ್ಯಪ್‌ಗಳಲ್ಲೂ ‘ಒಳಬರುವ ವಿಮಾನ’ ಎಂಬ ಜಾಗ ಇರುತ್ತದೆ.

ಲೆಕ್ಕ ಸುಲಭ. ಒಳಬರುವ ವಿಮಾನ ಬೆಂಗಳೂರಿಗೆ ಇಳಿಯುವ ಹೊತ್ತಿಗೆ ನಲವತ್ತು ನಿಮಿಷ ಸೇರಿಸಿ. ಅದಕ್ಕಿಂತ ಮೊದಲು ನಿಮ್ಮ ವಿಮಾನ ಹೊರಡಲಾರದು. ಸಂಜೆ 6ರ ವಿಮಾನ 6.30ಕ್ಕೆ ಎಂದು ಕಂಪನಿ ಹೇಳುತ್ತಿದೆ ಎಂದುಕೊಳ್ಳಿ. ಆದರೆ ಆ ವಿಮಾನ ನಾಲ್ಕೂವರೆಗೂ ಮುಂಬೈ ಬಿಟ್ಟಿಲ್ಲ. ಐದಕ್ಕೆ ಬಿಟ್ಟರೂ ಒಂದೂ ಮುಕ್ಕಾಲು ಗಂಟೆ ಸೇರಿದರೆ 6.45ಕ್ಕೆ ಬೆಂಗಳೂರು, ನೀವು ಹೊರಡುವುದು ಏಳೂವರೆ. ಕಂಪನಿಗಳು ತಡವನ್ನು ಅರ್ಧರ್ಧ ಗಂಟೆಯಾಗಿ ಮುಂದೂಡುತ್ತಾ ಹೋಗುವಾಗ ನಿಜವಾದ ಹೊತ್ತು ಹೇಳುವುದು ಈ ಲೆಕ್ಕವೇ.

ಆದರೆ ಈ ಲೆಕ್ಕ ನಂಬಿಕೊಂಡು ಮನೆಯಲ್ಲೇ ಕೂರಬೇಡಿ. ಬೆಂಗಳೂರಿನಂಥ ದೊಡ್ಡ ನೆಲೆಯಲ್ಲಿ ನಿಯಂತ್ರಣ ಕೇಂದ್ರದವರು ತಡವಾದ ವಿಮಾನದ ಬದಲು ಪಕ್ಕದಲ್ಲಿ ನಿಂತಿರುವ ಇನ್ನೊಂದನ್ನು ಕೊಟ್ಟುಬಿಡಬಹುದು. ಒಂಬತ್ತು ಗಂಟೆ ಎಂದಿದ್ದದ್ದು ಮತ್ತೆ ಏಳೂವರೆಗೆ ಬಂದು ನಿಲ್ಲುತ್ತದೆ. ವಿಮಾನ ತಡವಾದರೂ ಚೆಕ್‌ಇನ್ ಕೌಂಟರು ಮೂಲ ವೇಳೆಗೇ ಮುಚ್ಚಬಹುದು. ದೇಶದೊಳಗಿನ ಹಾರಾಟಗಳಿಗೆ ಅದು ಸಾಮಾನ್ಯವಾಗಿ ಒಂದು ಗಂಟೆ ಮೊದಲು. ಲಗೇಜು ಇದ್ದವರು ಮೂಲ ವೇಳೆಗೇ ಕೌಂಟರಿನ ಮುಂದೆ ಇರಬೇಕು. ಈ ಲೆಕ್ಕ ನಿಮಗೆ ನಿಜವಾಗಿ ಹೇಳುವುದು ಬೇರೆ ವಿಷಯ: ಮುಂದಿನ ಊರಿನಲ್ಲಿ ಇನ್ನೊಂದು ವಿಮಾನ ತಪ್ಪುತ್ತದೆಯೇ, ಈಗಲೇ ಫೋನ್ ಮಾಡಿ ಬದಲಿಸಿಕೊಳ್ಳಬೇಕೇ, ಬರಮಾಡಿಕೊಳ್ಳುವವರಿಗೆ ಏನು ಹೇಳಬೇಕು, ದಾರಿಯಲ್ಲಿ ಊಟ ಮುಗಿಸಿಕೊಳ್ಳಬೇಕೇ.

ಹೆಜ್ಜೆ 5: ಮೈಸೂರನ್ನು ತಂಗುದಾಣ ಮಾಡಿಕೊಳ್ಳಿ

ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ಅಲ್ಲಿಂದ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನೇರ ದೇವನಹಳ್ಳಿ ನಿಲ್ದಾಣಕ್ಕೆ ಹೋಗುತ್ತದೆ. ಮೈಸೂರು ತಲುಪಿದಾಗ ಮತ್ತೊಮ್ಮೆ ವಿಮಾನದ ಸ್ಥಿತಿ ನೋಡಿ. ಹಾರಾಟ ರದ್ದು ಎಂದು ಅಲ್ಲಿ ತಿಳಿದರೆ ಮನೆಗೆ ಮರಳಲು ಇನ್ನೂ ಮೂರೇ ಗಂಟೆ. 2023ರಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ಆ ತುಂಡು ಬೇಗ ಮುಗಿಯುತ್ತದೆ. ಉಳಿಸಿದ ಹೊತ್ತನ್ನು ಹೆಬ್ಬಾಳ ನುಂಗುತ್ತದೆ. ಸಂಜೆ ಐದರಿಂದ ಒಂಬತ್ತರ ನಡುವೆ ಬೆಂಗಳೂರು ದಾಟಬೇಕಿದ್ದರೆ ಒಂದೂವರೆ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ಹೆಜ್ಜೆ 6: ಒಳಗೆ ಕೂತರೂ ವಿಮಾನ ಕದಲದಿದ್ದಾಗ

ಜನ ತುಂಬಿ ಬಾಗಿಲು ಹಾಕಿದ ಮೇಲೂ ವಿಮಾನ ಅರ್ಧ ಗಂಟೆ ನಿಂತಲ್ಲೇ ನಿಲ್ಲುವುದಿದೆ. ‘ಎಟಿಸಿ ಅನುಮತಿಗೆ ಕಾಯುತ್ತಿದ್ದೇವೆ’ ಎಂಬ ಘೋಷಣೆ ಬಂದರೆ ಹೆಚ್ಚಾಗಿ ಅದು ನಿಜವೇ. ಎಟಿಸಿ ಅಂದರೆ ವಿಮಾನ ಸಂಚಾರ ನಿಯಂತ್ರಣ. ದೆಹಲಿಯಲ್ಲಿ ವಿಮಾನ ನಿಲ್ದಾಣಗಳ ಪ್ರಾಧಿಕಾರದ ಒಂದು ಕೇಂದ್ರ ಇದೆ, ಇಡೀ ದೇಶದ ಸಂಚಾರವನ್ನು ಒಟ್ಟಿಗೆ ನೋಡುತ್ತದೆ. ಮುಂಬೈಯಲ್ಲಿ ಮಳೆ ಬಂದು ಗಂಟೆಗೆ ಇಳಿಯುವ ವಿಮಾನಗಳ ಸಂಖ್ಯೆ ಕಡಿಮೆಯಾದರೆ, ಅಲ್ಲಿಗೆ ಹೊರಟ ಒಂದೊಂದು ವಿಮಾನಕ್ಕೂ ಅದು ಹೊಸದಾಗಿ ಏರುವ ಹೊತ್ತು ನಿಗದಿ ಮಾಡುತ್ತದೆ. ಪೈಲಟ್ ಆ ಹೊತ್ತಿನ ಆಸುಪಾಸಿನ ಕೆಲವೇ ನಿಮಿಷಗಳಲ್ಲಿ ಏರಬೇಕು, ತಪ್ಪಿದರೆ ಮತ್ತೆ ಸಾಲಿನ ಹಿಂದಕ್ಕೆ. ಅದಕ್ಕೇ ಎಲ್ಲರನ್ನೂ ಹತ್ತಿಸಿಕೊಂಡು ಸಿದ್ಧವಾಗಿ ನಿಂತಿರುತ್ತಾರೆ.

ಆಕಾಶದಲ್ಲಿ ಸುತ್ತುವುದಕ್ಕಿಂತ ನೆಲದಲ್ಲಿ ಕಾಯುವುದು ಎಲ್ಲ ರೀತಿಯಲ್ಲೂ ಒಳ್ಳೆಯದು. ಪ್ರತಿ ವಿಮಾನವೂ ಸೇರಬೇಕಾದ ಊರಿಗೆ, ಅಲ್ಲಿ ಇಳಿಯಲಾಗದಿದ್ದರೆ ಬದಲಿ ಊರಿಗೆ, ಅದರ ಮೇಲೆ ಕೊನೆಯ ಮೂವತ್ತು ನಿಮಿಷಕ್ಕೆ ಸಾಕಾಗುವಷ್ಟು ಇಂಧನ ಹೊತ್ತಿರಬೇಕು. ಮೇಲೆ ಹೆಚ್ಚು ಸುತ್ತಿದರೆ ಆ ಲೆಕ್ಕ ಕರಗಿ ಬೇರೆ ಊರಿಗೆ ಹೋಗಿ ಇಳಿಯಬೇಕಾಗುತ್ತದೆ. ಹಾಗಾಗಿ ಈ ಕಾಯುವಿಕೆಗೆ ಸಿಟ್ಟಾಗಬೇಡಿ. ಪರಿಚಾರಕರನ್ನು ಕೇಳಬೇಕಾದದ್ದು ಒಂದೇ: ‘ಏರುವ ಹೊತ್ತು ಕೊಟ್ಟಿದ್ದಾರಾ, ಎಷ್ಟಕ್ಕೆ?’ ಹೊತ್ತು ಗೊತ್ತಾಗಿದ್ದರೆ ಚಿಂತೆ ಬೇಡ. ಇನ್ನೂ ಕೊಟ್ಟಿಲ್ಲವೆಂದರೆ ಮುಂದಿನ ವಿಮಾನ ಹಿಡಿಯಬೇಕಾದವರು ಕೂತಲ್ಲಿಂದಲೇ ಕಂಪನಿಗೆ ಫೋನ್ ಮಾಡಲು ಶುರು ಮಾಡಿ.

ಹೆಜ್ಜೆ 7: ರದ್ದಾದರೆ

ಯಾವುದನ್ನು ರದ್ದು ಮಾಡಬೇಕು ಎಂಬುದರಲ್ಲೂ ಒಂದು ತರ್ಕ ಇದೆ. ದಿನಕ್ಕೆ ಹತ್ತಾರು ಹಾರಾಟ ಇರುವ ಬೆಂಗಳೂರು–ಮುಂಬೈಯಂಥ ಮಾರ್ಗದಲ್ಲಿ ಒಂದನ್ನು ತೆಗೆದು ಅದರ ಜನರನ್ನು ಉಳಿದವುಗಳಿಗೆ ಹಂಚುವುದು ಸುಲಭ. ಹೋಗುವುದು ಬರುವುದು ಎರಡನ್ನೂ ಜೋಡಿಯಾಗಿ ತೆಗೆದರೆ ವಿಮಾನ ತನ್ನ ನೆಲೆಯಲ್ಲೇ ಉಳಿದು, ಮುಂದಿನ ಹಾರಾಟಗಳು ಮತ್ತೆ ವೇಳೆಗೆ ಬರುತ್ತವೆ. ನಿಮ್ಮ ಹಾರಾಟ ರದ್ದಾಯಿತೆಂದರೆ ಅದೇ ದಿನದ ಉಳಿದ ಹಾರಾಟಗಳ ಖಾಲಿ ಸೀಟುಗಳು ನಿಮಿಷ ನಿಮಿಷಕ್ಕೂ ತುಂಬುತ್ತಿವೆ ಎಂದರ್ಥ. ಕೌಂಟರಿನ ಸಾಲಿನಲ್ಲಿ ನಿಂತೇ ಆ್ಯಪ್‌ನಲ್ಲಿ ಬದಲಿ ಹಾರಾಟ ಆರಿಸಿ, ಜೊತೆಯಲ್ಲಿರುವವರು ಸಹಾಯವಾಣಿಗೆ ಫೋನ್ ಮಾಡಲಿ. ಯಾವುದು ಮೊದಲು ಸಿಕ್ಕಿತೋ ಅದು. ಬದಲಿ ಹಾರಾಟವಿದೆಯೇ ಎಂದು ನೋಡದೆ ಸಿಟ್ಟಿನಲ್ಲಿ ‘ಹಣ ವಾಪಸ್’ ಒತ್ತಬೇಡಿ. ಆ ದಿನದ ಹೊಸ ಟಿಕೆಟ್ ಎರಡು ಮೂರು ಪಟ್ಟು ಆಗಿರುತ್ತದೆ.

ಡಿಜಿಸಿಎ ನಿಯಮದಂತೆ ನಿಮಗೆ ಸಿಗಬೇಕಾದದ್ದು ಇಷ್ಟು. ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ತಡವಾದರೆ, ಎರಡೂವರೆಯಿಂದ ಐದು ಗಂಟೆಯದ್ದು ಮೂರು ಗಂಟೆ ತಡವಾದರೆ ಊಟ, ತಿಂಡಿ. ದೇಶದೊಳಗಿನ ಹಾರಾಟ ಆರು ಗಂಟೆಗೂ ಹೆಚ್ಚು ತಡವಾದರೆ ಬದಲಿ ಹಾರಾಟ ಅಥವಾ ಪೂರ್ತಿ ಹಣ. 24 ಗಂಟೆಗೂ ಮೀರಿ ತಡವಾದರೆ, ಅಥವಾ ರಾತ್ರಿ 8ರಿಂದ 3ರ ನಡುವೆ ಹೊರಡಬೇಕಿದ್ದದ್ದು ಆರು ಗಂಟೆಗೂ ಹೆಚ್ಚು ತಡವಾದರೆ ಹೋಟೆಲ್. ಮೊದಲೇ ತಿಳಿಸದೆ ರದ್ದು ಮಾಡಿದ್ದರೆ ಟಿಕೆಟ್ ಹಣ ಅಥವಾ ಬದಲಿ ಹಾರಾಟದ ಜೊತೆಗೆ ಪರಿಹಾರವೂ ಉಂಟು. ಒಂದು ಗಂಟೆಯೊಳಗಿನ ಹಾರಾಟಕ್ಕೆ 5,000, ಎರಡು ಗಂಟೆಯೊಳಗಿನದ್ದಕ್ಕೆ 7,500, ಅದಕ್ಕೂ ಹೆಚ್ಚಿನದ್ದಕ್ಕೆ 10,000 ರೂಪಾಯಿ ಮಿತಿ, ಅಥವಾ ಮೂಲ ದರ ಮತ್ತು ಇಂಧನ ಶುಲ್ಕ ಕೂಡಿದ ಮೊತ್ತ, ಈ ಎರಡರಲ್ಲಿ ಕಡಿಮೆ ಇರುವುದು.

ಹವಾಮಾನ, ಎಟಿಸಿ, ಭದ್ರತೆ, ಮುಷ್ಕರದಂಥ ಕಂಪನಿಯ ಕೈಮೀರಿದ ಕಾರಣಗಳಿಗೆ ಈ ಪರಿಹಾರ ಇಲ್ಲ. ಗಲ್ಫ್‌ನವರು 2025ರ ಜೂನ್‌ನಲ್ಲಿ ಇದನ್ನು ಅನುಭವಿಸಿದರು. ಕತಾರ್ ತನ್ನ ಆಕಾಶವನ್ನು ಕೆಲವು ಗಂಟೆ ಮುಚ್ಚಿದಾಗ ಆ ಭಾಗದ ವಿಮಾನಗಳೆಲ್ಲ ಅಸ್ತವ್ಯಸ್ತವಾದವು, ಅದಕ್ಕೆ ಕಂಪನಿಯನ್ನು ದೂರುವಂತಿಲ್ಲ. ಆದ್ದರಿಂದ ಕೌಂಟರಿನಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ ತಡದ ಅಥವಾ ರದ್ದತಿಯ ಕಾರಣ. ಅದನ್ನು ಬರವಣಿಗೆಯಲ್ಲಿ, ಇಮೇಲ್ ಅಥವಾ ಎಸ್‌ಎಂಎಸ್‌ನಲ್ಲಿ ಪಡೆಯಿರಿ. ‘ಕಾರ್ಯಾಚರಣೆಯ ಕಾರಣ’ ಎಂದಷ್ಟೇ ಬರೆದಿದ್ದರೆ ಹವಾಮಾನವೋ ಎಟಿಸಿಯೋ ಕಾರಣ ಎಂದು ಹೇಳಿದಂತಾಗುವುದಿಲ್ಲ. ವಿಮಾನವಿಲ್ಲ, ಸಿಬ್ಬಂದಿ ಇಲ್ಲ ಎಂಬುದೂ ಅದರೊಳಗೆ ಬರುತ್ತದೆ. ಆಗ ಪರಿಹಾರ ಕೇಳಲು ಹಿಂಜರಿಯಬೇಡಿ. ಹವಾಮಾನ ಎಂದು ಹೇಳಿದ್ದು ನಿಜವೇ ಎಂದು ನೋಡಲು, ಅದೇ ಹೊತ್ತಿನಲ್ಲಿ ಅದೇ ಊರಿಗೆ ಬೇರೆ ಕಂಪನಿಗಳ ವಿಮಾನ ಹೊರಟವೇ ಎಂದು ಬೋರ್ಡಿನ ಫೋಟೋ ತೆಗೆದಿಟ್ಟುಕೊಳ್ಳಿ. ನೀವು ನೋಡಿದ ಒಳಬರುವ ವಿಮಾನದ ಓಡಾಟದ ಸ್ಕ್ರೀನ್‌ಶಾಟ್ ಕೂಡ ಇರಲಿ.

ಮೊದಲು ಕಂಪನಿಗೆ ಇಮೇಲ್ ಮಾಡಿ. ಪಿಎನ್‌ಆರ್, ಹಾರಾಟದ ಸಂಖ್ಯೆ, ದಿನ, ಹೇಳಿದ ಕಾರಣ, ಕೇಳುತ್ತಿರುವ ಮೊತ್ತ, ಇಷ್ಟು ಸಾಕು, ಉದ್ದ ಬರೆಯಬೇಡಿ. ಸರಿಯಾದ ಉತ್ತರ ಬಾರದಿದ್ದರೆ ವಿಮಾನಯಾನ ಸಚಿವಾಲಯದ ಏರ್‌ಸೇವಾ ಆ್ಯಪ್ ಅಥವಾ ವೆಬ್‌ಸೈಟಿನಲ್ಲಿ ದೂರು ಹಾಕಿ, ಅಲ್ಲಿ ಸಿಗುವ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಗ್ರಾಹಕ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿದೆ. ದೂರಿಗಾಗಿ ಬೆಂಗಳೂರಿಗೆ ಅಲೆಯಬೇಕಿಲ್ಲ. ಬೋರ್ಡಿಂಗ್ ಪಾಸ್, ಊಟ, ಕೋಣೆ, ಟ್ಯಾಕ್ಸಿಯ ಬಿಲ್ಲುಗಳನ್ನು ಅಲ್ಲಿಯವರೆಗೂ ಎಸೆಯಬೇಡಿ.